ಜ್ವರ ಬಿಟ್ಟ ಮೇಲೂ ಬಿಡದ ಮಂಕು

ಮಕ್ಕಳು ಹುಷಾರಿಲ್ಲದೆ ಮಲಗಿದರೆ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಜ್ವರ ಬಿಡ್ತಾ?" ಬಿಟ್ಟಿತು ಅಂದರೆ ಕಾಯಿಲೆ ಮುಗಿದ ಹಾಗೆ. ಎರಡು ದಿನ ಗಂಜಿ, ಮೂರನೇ ದಿನ ಬೆನ್ನಿಗೆ ಶಾಲೆಯ ಬ್ಯಾಗು. ಆದರೆ ಕೆಲವು ಮಕ್ಕಳು ಆಮೇಲೂ ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಾರೆ. ನಾಲಿಗೆ ತುದಿಗೆ ಬಂದ ಪದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೋವಿಡ್ ಬಂದ ಮೇಲೆ ಇದಕ್ಕೆ 'ಬ್ರೇನ್ ಫಾಗ್' ಅನ್ನುವ ಹೆಸರು ಮನೆಮಾತಾಯಿತು. ಕನ್ನಡದಲ್ಲಿ 'ಮಂಕು ಕವಿದಿದೆ' ಅಂತೀವಿ. ನಮ್ಮಲ್ಲಿ 'ಮಂಕು' ಬೈಗುಳವೂ ಹೌದು ಅಲ್ವಾ? ಈ ತೊಂದರೆಯ ಹಳೆಯ ಕಥೆಯಲ್ಲೂ ಕಾಯಿಲೆ ಮತ್ತು ಬೈಗುಳ ಜೊತೆಜೊತೆಗೇ ಬರುತ್ತವೆ.

1955ರ ಜುಲೈ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸಿಬ್ಬಂದಿಯೇ ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದರು. ಗಂಟಲು ನೋವು, ತಲೆನೋವು, ಕೈಕಾಲಲ್ಲಿ ಶಕ್ತಿಯೇ ಇಲ್ಲ. ಎರಡು ವಾರ ತುಂಬುವುದರೊಳಗೆ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಮತ್ತೆ ಬಾಗಿಲು ತೆರೆದದ್ದು ಅಕ್ಟೋಬರ್‌ನಲ್ಲಿ. ಒಟ್ಟು 292 ಸಿಬ್ಬಂದಿಗೆ ಕಾಯಿಲೆ ತಗುಲಿತ್ತು. ಅವರಲ್ಲಿ ನರ್ಸುಗಳು ಜಾಸ್ತಿ. ಮೊದಲೇ ಅಡ್ಮಿಟ್ ಆಗಿದ್ದ ರೋಗಿಗಳಲ್ಲಿ ಇದು ಬಂದದ್ದು 12 ಮಂದಿಗೆ ಮಾತ್ರ. ವೈರಸ್ಸೇ ಇರಬೇಕು ಅಂತ ಡಾಕ್ಟರುಗಳು ಎಷ್ಟು ಹುಡುಕಿದರೂ ಯಾವ ವೈರಸ್ಸೂ ಸಿಗಲಿಲ್ಲ. ಕೆಲವರು ಬೇಗ ಚೇತರಿಸಿಕೊಂಡರು. ಇನ್ನು ಕೆಲವರಿಗೆ ಸುಸ್ತು ಹೋಗಲಿಲ್ಲ, ಗಮನ ನಿಲ್ಲಲಿಲ್ಲ, ನೆನಪು ಕೈಕೊಟ್ಟಿತು.

ಮರುವರ್ಷ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ ಇದನ್ನು 'ಬಿನೈನ್ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್' ಎಂದು ಕರೆಯಿತು. ಉದ್ದದ ಎರಡು ಪದಗಳ ಅರ್ಥ ಸ್ನಾಯು ನೋವು, ಮಿದುಳು ಮತ್ತು ಬೆನ್ನುಹುರಿಯ ಉರಿಯೂತ. ಬಿನೈನ್ ಅಂದರೆ ಸೌಮ್ಯ. ಯಾರೂ ಸಾಯಲಿಲ್ಲವಲ್ಲ, ಅದಕ್ಕೆ! ಎಂಇ ಅನ್ನುವ ಚಿಕ್ಕ ಹೆಸರು ಬಂದದ್ದು ಇಲ್ಲಿಂದಲೇ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನರಗಳ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇನ್ನೇನು, ಗೌರವ ಸಿಕ್ಕಿತು ಅನ್ನುವಷ್ಟರಲ್ಲಿ 1970 ಬಂತು. ಮೆಕ್‌ಇವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ರಾಯಲ್ ಫ್ರೀಯಲ್ಲಿ ನಡೆದದ್ದು ಸಾಮೂಹಿಕ ಹಿಸ್ಟೀರಿಯಾ, ಅಂದರೆ ಮೈಯದ್ದಲ್ಲ ಮನಸ್ಸಿನದ್ದು, ಎಂದು ಬರೆದರು. ಕಾಯಿಲೆ ಬಿದ್ದವರನ್ನು ಅವರು ಮಾತಾಡಿಸಿರಲಿಲ್ಲ, ಹಳೆಯ ಕೇಸ್‌ಶೀಟುಗಳನ್ನು ನೋಡಿದ್ದರು ಅಷ್ಟೇ. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಹೆಚ್ಚಿನವರು ಹೆಂಗಸರು ಅನ್ನುವುದು. ಆ ರೋಗಿಗಳನ್ನು ಹತ್ತಿರದಿಂದ ನೋಡಿದ್ದ ಅದೇ ಆಸ್ಪತ್ರೆಯ ಡಾಕ್ಟರ್ ಮೆಲ್ವಿನ್ ರಾಮ್ಸೆ ಇದನ್ನು ಒಪ್ಪಲೇ ಇಲ್ಲ. ಆದರೆ ಹಿಸ್ಟೀರಿಯಾ ಅನ್ನುವ ಪದ ಅಂಟಿಕೊಂಡುಬಿಟ್ಟಿತು.

1984ರಲ್ಲಿ ಅಮೆರಿಕದ ಇನ್‌ಕ್ಲೈನ್ ವಿಲೇಜ್ ಎಂಬ ಊರಿನಲ್ಲೂ ಇಂಥದ್ದೇ ಕಾಯಿಲೆ ಹಬ್ಬಿತು. ಆ ದಶಕದ ಪತ್ರಿಕೆಗಳು ಇದನ್ನು 'ಯಪ್ಪಿ ಫ್ಲೂ' ಎಂದು ಗೇಲಿ ಮಾಡಿದವು. ಯಪ್ಪಿ ಅಂದರೆ ಪೇಟೆಯ ಕೈತುಂಬ ಸಂಬಳದ ಹುಡುಗ ಹುಡುಗಿಯರು. 1988ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಇದನ್ನು 'ಕ್ರಾನಿಕ್ ಫಟೀಗ್ ಸಿಂಡ್ರೋಮ್' ಅಂದಿತು. ಅಂದರೆ ಬಹುದಿನದ ಸುಸ್ತು. ನನಗಂತೂ ಇದು ಕೆಟ್ಟ ಹೆಸರು. ಸುಸ್ತು ಯಾರಿಗಿಲ್ಲ ಹೇಳಿ? ತಲೆಗೆ ಕವಿದ ಮಂಕು ಆ ಹೆಸರಲ್ಲಿ ಎಲ್ಲೂ ಇಲ್ಲ.

ಇದು ಮೈಯದ್ದೋ ಮನಸ್ಸಿನದ್ದೋ ಅನ್ನುವ ವಾದಕ್ಕೆ ಸರಿಯಾದ ಉತ್ತರ ಬಂದದ್ದು ಆಸ್ಟ್ರೇಲಿಯಾದ ಡಬ್ಬೊ ಎಂಬ ಸಣ್ಣ ಊರಿನಿಂದ. ಅಲ್ಲಿ ಸಂಶೋಧಕರು ಸೋಂಕು ತಗುಲಿದ 253 ಜನರನ್ನು ಮೊದಲಿನಿಂದಲೇ ಹಿಂಬಾಲಿಸಿದರು. ಎಪ್‌ಸ್ಟೀನ್-ಬಾರ್, ರಾಸ್ ರಿವರ್ ಎಂಬ ಎರಡು ವೈರಸ್, ಜೊತೆಗೆ ಕ್ಯೂ ಜ್ವರದ ಬ್ಯಾಕ್ಟೀರಿಯಾ. ಮೂರೂ ಬೇರೆ ಬೇರೆ ಜಾತಿಯ ಜೀವಿಗಳು. ಆದರೂ ಆರು ತಿಂಗಳ ಮೇಲೆ ಸುಮಾರು 12% ಜನರಲ್ಲಿ ಉಳಿದದ್ದು ಒಂದೇ ಥರದ ತೊಂದರೆ. ಯಾರಿಗೆ ಉಳಿಯುತ್ತದೆ ಅನ್ನುವುದನ್ನು ಹೇಳಿದ್ದು ಅವರ ಮನಸ್ಸಿನ ಸ್ವಭಾವ ಅಲ್ಲ, ಮೊದಲ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನುವುದು. ಈ ವರದಿ ಬಂದದ್ದು 2006ರಲ್ಲಿ. ಮೂರು ವರ್ಷ ಬಿಟ್ಟು ಶಿಕಾಗೋದಲ್ಲಿ, ಎಪ್‌ಸ್ಟೀನ್-ಬಾರ್‌ನಿಂದ ಬರುವ ಗ್ರಂಥಿ ಜ್ವರವಾಗಿದ್ದ 301 ಹದಿಹರೆಯದವರ ಲೆಕ್ಕ ಬಂತು. ಆರು ತಿಂಗಳಿಗೆ 13%, ವರ್ಷಕ್ಕೆ 7%, ಎರಡು ವರ್ಷಕ್ಕೆ 4% ಮಕ್ಕಳು ಇನ್ನೂ ಸರಿಹೋಗಿರಲಿಲ್ಲ. ಅಂದರೆ ಬಹಳಷ್ಟು ಮಕ್ಕಳು ನಿಧಾನವಾಗಿ ಹುಷಾರಾಗುತ್ತಾರೆ. ಆದರೆ ಎಸೆಸೆಲ್ಸಿ ಓದುವ ಹುಡುಗಿಗೆ ಒಂದು ವರ್ಷ ಅಂದರೆ ಸುಮ್ನೆ ಮಾತಲ್ಲ.

ಆಮೇಲೆ ಕೋವಿಡ್. ಇಲ್ಲಿ ಲೆಕ್ಕ ಸ್ವಲ್ಪ ಕಷ್ಟ, ಯಾಕೆಂದರೆ ಸೋಂಕು ತಗುಲದ ಮಕ್ಕಳೂ ಮನೆಯಲ್ಲೇ ಕೂತು ಬಸವಳಿದಿದ್ದರು. ಇಂಗ್ಲೆಂಡಿನಲ್ಲಿ 11ರಿಂದ 17 ವಯಸ್ಸಿನವರನ್ನು ಪರೀಕ್ಷೆಯಾದ ಮೂರು ತಿಂಗಳ ನಂತರ ಕೇಳಿದಾಗ, ಪಾಸಿಟಿವ್ ಬಂದಿದ್ದವರಲ್ಲಿ 30% ಮಂದಿ ಮೂರಕ್ಕಿಂತ ಕಮ್ಮಿ ಇಲ್ಲದಷ್ಟು ತೊಂದರೆ ಹೇಳಿಕೊಂಡರು. ನೆಗೆಟಿವ್ ಬಂದಿದ್ದವರಲ್ಲೂ 16% ಮಂದಿ ಹಾಗೇ ಹೇಳಿದರು. ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟುವುದು ತಪ್ಪು. ಲಾಕ್‌ಡೌನ್ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು. ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಲಾಂಗ್ ಕೋವಿಡ್‌ಗೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿತು. ಸೋಂಕಾದ ಮೂರು ತಿಂಗಳೊಳಗೆ ಶುರುವಾಗಿ, ಕನಿಷ್ಠ ಎರಡು ತಿಂಗಳು ಇರುವ ತೊಂದರೆ ಅದು.

ಒಳಗೆ ಏನಾಗುತ್ತದೆ? 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮಾಂಜೆ, ಯೇಲ್‌ನ ಅಕಿಕೊ ಇವಾಸಾಕಿ ಮತ್ತು ಜೊತೆಗಾರರು ಇಲಿಗಳಿಗೆ ಉಸಿರಾಟದ ದಾರಿಯಲ್ಲಷ್ಟೇ ಲಘು ಸೋಂಕು ಬರಿಸಿದರು. ವೈರಸ್ ಮಿದುಳಿಗೆ ಹೋಗಿರಲಿಲ್ಲ. ಆದರೂ ಮಿದುಳಿನ ಕಾವಲು ಕೋಶಗಳು ಕೆರಳಿ, ವಾರಗಳಾದರೂ ತಣ್ಣಗಾಗಲಿಲ್ಲ. ನರತಂತುಗಳ ಮೇಲಿನ ಹೊದಿಕೆ ಕಮ್ಮಿಯಾಗಿತ್ತು. ಹೊಸ ನೆನಪಿಗೆ ಬೇಕಾದ ಜಾಗದಲ್ಲಿ ಹೊಸ ನರಕೋಶ ಹುಟ್ಟುವುದು ಕುಗ್ಗಿತ್ತು. ಇಲಿಯಲ್ಲಿ ಕಂಡದ್ದೇ ಮಕ್ಕಳಲ್ಲೂ ನಡೆಯುತ್ತದೆ ಅಂತ ಹೇಳಿಬಿಡಲು ಆಗದು. ಆದರೆ ಇಲಿಗೆ ಹೋಮ್‌ವರ್ಕ್ ತಪ್ಪಿಸಿಕೊಳ್ಳುವ ಆಸೆಯಂತೂ ಇರುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ನೈಸ್ ಸಂಸ್ಥೆ ಎಂಇಗೆ ಹೊಸ ಮಾರ್ಗಸೂಚಿ ಹೊರಡಿಸಿತು. ದಿನದಿನಕ್ಕೂ ವ್ಯಾಯಾಮ ಏರಿಸುತ್ತಾ ಹೋಗಿ ಅನ್ನುವ ಹಳೆಯ ಸಲಹೆಯನ್ನು ಕೈಬಿಟ್ಟಿತು. ಇರುವ ಶಕ್ತಿಯೊಳಗೇ ದಿನ ದೂಡಿ, ಮೀರಿ ಹೋಗಬೇಡಿ ಎಂದಿತು. ಓದೂ ಆ ಶಕ್ತಿಯ ಲೆಕ್ಕದಲ್ಲೇ ಬರುತ್ತದೆ. ನಮ್ಮ ಅಜ್ಜಿಯಂದಿರು ಟೈಫಾಯಿಡ್ ಬಂದ ಮಗುವನ್ನು ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಂಡು, ಯಾರಾದರೂ ಕೇಳಿದರೆ "ಸುಧಾರಿಸಿಕೊಳ್ಳಲಿ ಬಿಡಿ" ಅನ್ನುತ್ತಿದ್ದರು.