ಮೂಳೆ ಅಂಗಾಂಶ ಅಂದರೇನು?

ಒಂದು ಕೆಲಸಕ್ಕೆಂದು ಕೂಡಿ ನಿಂತ ಜೀವಕೋಶಗಳು ಮತ್ತು ಅವು ತಮ್ಮ ಸುತ್ತ ತಯಾರಿಸಿಕೊಂಡ ವಸ್ತು, ಎರಡೂ ಸೇರಿದರೆ ಅಂಗಾಂಶ. ಮೂಳೆಯಲ್ಲಿ ಆ ಸುತ್ತಲಿನ ವಸ್ತುವೇ ಜಾಸ್ತಿ, ಜೀವಕೋಶಗಳ ಪಾಲು ತೀರಾ ಕಡಿಮೆ. ಅದಕ್ಕೇ ಇರಬೇಕು, ಮೂಳೆ ಅಂದರೆ ಮೈಯನ್ನು ಎತ್ತಿ ನಿಲ್ಲಿಸೋ ನಿರ್ಜೀವ ಆಸರೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಅದರೊಳಗೆ ರಕ್ತ ಓಡಾಡುತ್ತದೆ, ನರಗಳಿವೆ, ಒಂದು ಕಡೆ ಹಳೆಯದು ಕರಗುತ್ತಿದ್ದರೆ ಇನ್ನೊಂದು ಕಡೆ ಹೊಸದು ಕಟ್ಟಿಕೊಳ್ಳುತ್ತಿರುತ್ತದೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ.

ಮೊದಲು ಅದು ಯಾವುದರಿಂದ ಆಗಿದೆ ನೋಡೋಣ. ತೂಕದಲ್ಲಿ ಶೇ 60-70 ಭಾಗ ಖನಿಜ, ಶೇ 20-25 ಭಾಗ ಪ್ರೋಟೀನು, ಉಳಿದದ್ದು ನೀರು. ಖನಿಜದ ಹೆಸರು ಹೈಡ್ರಾಕ್ಸಿ ಅಪಟೈಟ್. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಅತಿ ಸಣ್ಣ ಹರಳುಗಳಿವು. ನಮ್ಮ ಮೈಯಲ್ಲಿರೋ ಕ್ಯಾಲ್ಸಿಯಂ ಸುಮಾರು ಒಂದು ಕಿಲೋ, ಅದರಲ್ಲಿ ಶೇ 99 ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಪ್ರೋಟೀನಿನಲ್ಲಿ ಬಹುಪಾಲು ಕೊಲಾಜೆನ್ ಅನ್ನೋ ನಾರು.

ಇವೆರಡರಲ್ಲಿ ಯಾವುದು ಏನು ಮಾಡುತ್ತದೆ ಅನ್ನೋದನ್ನು ಮನೆಯಲ್ಲೇ ನೋಡಬಹುದು. ಕೋಳಿ ಕಾಲಿನ ಮೂಳೆಯನ್ನು ಮಾಂಸ ಇಲ್ಲದ ಹಾಗೆ ತೊಳೆದು, ವಿನೆಗರ್‌ನಲ್ಲಿ ಮುಳುಗಿಸಿ ಮುಚ್ಚಿಡಿ, ನಡುನಡುವೆ ವಿನೆಗರ್ ಬದಲಾಯಿಸಿ. ಒಂದು ವಾರದ ಹೊತ್ತಿಗೆ ಆಮ್ಲಕ್ಕೆ ಖನಿಜ ಕರಗಿ ಹೋಗಿ, ಮೂಳೆ ಎರಡು ಬೆರಳಲ್ಲಿ ಹಿಡಿದರೆ ಬಾಗುತ್ತದೆ. ಆಕಾರ ಅದೇ, ಬಿಗಿ ಮಾತ್ರ ಇಲ್ಲ. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟು, ಆರಿದ ಮೇಲೆ ಒತ್ತಿ ನೋಡಿ. ಕೊಲಾಜೆನ್ ಸುಟ್ಟು ಹೋಗಿ ಬರೀ ಖನಿಜ ಉಳಿದಿರುತ್ತದೆ. ಅದೂ ಆಕಾರ ಬಿಟ್ಟಿರುವುದಿಲ್ಲ, ಆದರೆ ಒತ್ತಿದರೆ ಪುಡಿಪುಡಿ. ಭಾರ ತಡೆಯೋದು ಖನಿಜ, ಮುರಿಯದಂತೆ ಹಿಡಿದಿಡೋದು ನಾರು.

ತೊಡೆಮೂಳೆಯನ್ನು ಉದ್ದಕ್ಕೆ ಸೀಳಿದರೆ ಹೊರಗಡೆ ಗಟ್ಟಿ ಮೂಳೆ, ತುದಿಗಳ ಒಳಗಡೆ ತೂತುತೂತಾದ ಸ್ಪಂಜಿನಂಥ ಮೂಳೆ ಕಾಣುತ್ತದೆ. ಇಡೀ ಅಸ್ಥಿಪಂಜರದ ತೂಕದಲ್ಲಿ ಸುಮಾರು ಶೇ 80 ಗಟ್ಟಿ ಮೂಳೆಯದ್ದೇ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒತ್ತೊತ್ತಾಗಿ ನಿಂತ ಕೊಳವೆಗಳು ಕಾಣಿಸುತ್ತವೆ. ಒಂದೊಂದೂ ಸುಮಾರು 0.2 ಮಿಲಿಮೀಟರ್ ಅಗಲ, ಈರುಳ್ಳಿಯ ಹಾಗೆ ಪದರದ ಮೇಲೆ ಪದರ, ನಡುವೆ ರಕ್ತನಾಳ ಹೋಗೋಕೆ ಸಣ್ಣ ದಾರಿ. ಈ ಕೊಳವೆಗೆ ಆಸ್ಟಿಯಾನ್ ಅಂತ ಹೆಸರು. ನಡುವಿನ ದಾರಿಗೆ ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ ಹೆಸರಿದೆ, ಆತ 1691ರಲ್ಲೇ ಇದರ ಬಗ್ಗೆ ಬರೆದಿದ್ದ. ಒಂದು ಪದರದಲ್ಲಿ ನಾರುಗಳು ಹೋಗೋ ದಿಕ್ಕು ಪಕ್ಕದ ಪದರದಲ್ಲಿ ಇರೋದಿಲ್ಲ, ಹಾಗಾಗಿ ಒಂದು ಕಡೆ ಬಿದ್ದ ಬಿರುಕು ಸಲೀಸಾಗಿ ಮುಂದಕ್ಕೆ ಓಡೋಕಾಗಲ್ಲ. ಸ್ಪಂಜು ಮೂಳೆಯ ತೂತುಗಳಲ್ಲಿ ಮಜ್ಜೆ ಇರುತ್ತದೆ. ರಕ್ತಕಣಗಳು ಹುಟ್ಟೋದು ಕೆಂಪು ಮಜ್ಜೆಯಲ್ಲಿ.

ಇನ್ನು ಜೀವಕೋಶಗಳು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟದ ಭಾಗ ಇದು. ಆಸ್ಟಿಯೋಬ್ಲಾಸ್ಟ್ ಕೊಲಾಜೆನ್ ಸುರಿದು ಮೂಳೆ ಕಟ್ಟುತ್ತದೆ. ಆಸ್ಟಿಯೋಕ್ಲಾಸ್ಟ್ ಹಲವು ಕೋಶಕೇಂದ್ರಗಳಿರೋ ದೊಡ್ಡ ಕೋಶ, ರಕ್ತಕಣಗಳ ವಂಶದ್ದು. ಅದು ಮೂಳೆಗೆ ಅಂಟಿ ಕೂತು ಆಮ್ಲ ಬಿಟ್ಟು ಖನಿಜ ಕರಗಿಸುತ್ತದೆ, ಆಮೇಲೆ ಕಿಣ್ವಗಳಿಂದ ನಾರು ಕತ್ತರಿಸುತ್ತದೆ. ಒಂದು ಜಾಗದಲ್ಲಿ ಕರಗಿಸೋಕೆ ಕೆಲವೇ ವಾರ ಸಾಕು, ಅದನ್ನು ಮತ್ತೆ ತುಂಬೋಕೆ ತಿಂಗಳುಗಳೇ ಬೇಕು.

ಕಟ್ಟುವ ಕೋಶಗಳಲ್ಲಿ ಕೆಲವು ತಾವು ಕಟ್ಟಿದ್ದರೊಳಗೇ ಹೂತು ಹೋಗುತ್ತವೆ. ಅವೇ ಆಸ್ಟಿಯೋಸೈಟ್. ಮೂಳೆಯ ಕೋಶಗಳಲ್ಲಿ ಶೇ 90ಕ್ಕೂ ಹೆಚ್ಚು ಇವೇ, ಹತ್ತಾರು ವರ್ಷ ಬದುಕಬಲ್ಲವು. ಹೂತು ಹೋದವು ಸುಮ್ನೆ ಕೂರೋದಿಲ್ಲ. ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳಲ್ಲಿ ಕೈ ಚಾಚಿ ಅಕ್ಕಪಕ್ಕದವನ್ನು ಮುಟ್ಟಿಕೊಂಡಿರುತ್ತವೆ. ನಾವು ಒಂದು ಹೆಜ್ಜೆ ಇಟ್ಟರೆ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕಾಲುವೆಯೊಳಗಿನ ದ್ರವ ಅಲುಗುತ್ತದೆ, ಭಾರ ಬಿತ್ತು ಅಂತ ಇವಕ್ಕೆ ಗೊತ್ತಾಗುತ್ತದೆ. ಭಾರ ಬೀಳದಿದ್ದರೆ ಸ್ಕ್ಲೆರೋಸ್ಟಿನ್ ಅನ್ನೋ ಪ್ರೋಟೀನನ್ನು ಜಾಸ್ತಿ ಬಿಟ್ಟು ಕಟ್ಟುವ ಕೆಲಸಕ್ಕೆ ತಡೆ ಹಾಕುತ್ತವೆ, ಕರಗಿಸೋ ಕೋಶಗಳನ್ನು ಕರೆಯೋ ಸಂಕೇತವೂ ಇವುಗಳಿಂದಲೇ ಹೋಗುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರೋರಿಗೆ ಸೊಂಟದ ಭಾಗದ ಮೂಳೆ ತಿಂಗಳಿಗೆ ಸುಮಾರು ಶೇ 1ರಿಂದ 1.5 ಕಡಿಮೆಯಾಗೋದು ಇದಕ್ಕೇ. ಬರೀ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮೂಳೆ ಗಟ್ಟಿಯಾಗುತ್ತೆ ಅನ್ನೋ ನಂಬಿಕೆಯನ್ನು ನಾನು ಒಪ್ಪದಿರೋದೂ ಇದಕ್ಕೇ. ಸಾಮಾನು ತಂದಿಟ್ಟರೆ ಆಗಲ್ಲ, ಕಟ್ಟು ಅಂತ ಹೇಳೋರೂ ಬೇಕಲ್ವಾ?

ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನು ಇಳಿದು ಕರಗಿಸೋ ಕೋಶಗಳ ಕೈ ಮೇಲಾಗುತ್ತದೆ. ಸ್ಪಂಜು ಮೂಳೆಯ ಮೇಲ್ಮೈ ವಿಸ್ತಾರ ಜಾಸ್ತಿ, ಈ ಕೋಶಗಳು ಕೆಲಸ ಮಾಡೋದು ಮೇಲ್ಮೈಯಲ್ಲಿ, ಆದ್ದರಿಂದ ಮೂಳೆ ಸವೆತ ಮೊದಲು ತಾಗೋದು ಅಲ್ಲಿಗೇ. ಬೆನ್ನುಮೂಳೆ, ಮಣಿಕಟ್ಟು, ಸೊಂಟ ಸುಲಭವಾಗಿ ಮುರಿಯೋದು ಹೀಗೆ. ಮುರಿಯೋವರೆಗೂ ನೋವೇ ಇಲ್ಲದಿರಬಹುದು.

ನಮ್ಮ ಪಾವಗಡ, ಕೋಲಾರದ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಕೂಡ ಇದೇ ಹರಳಿಗೆ ಕೈ ಹಾಕುತ್ತದೆ. ಹೈಡ್ರಾಕ್ಸಿ ಅಪಟೈಟಿನಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕ ಸೇರಿದ ತುಣುಕು) ಇರೋ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ಮಾಮೂಲಿಗಿಂತ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ, ಆದರೆ ದಟ್ಟವಾದಷ್ಟು ಗಟ್ಟಿಯಾಗಿರುವುದಿಲ್ಲ. ಕೀಲುಗಳ ಸುತ್ತಲಿನ ಕಟ್ಟುಗಳಲ್ಲೂ ಖನಿಜ ಕೂತು ಬೆನ್ನು, ಕುತ್ತಿಗೆ ಸೆಟೆದುಕೊಳ್ಳುತ್ತವೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5 ಅನ್ನೋದು ನಮ್ಮ ದೇಶದ ಮಿತಿ. ನೀರು ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆರ್‌ಓ ಅಥವಾ ಆಕ್ಟಿವೇಟೆಡ್ ಅಲ್ಯೂಮಿನಾ ಇರೋ ಫಿಲ್ಟರೇ ಬೇಕು.