ಹಾಡುವವರೇ ಇಲ್ಲದ ಆಲ್ಬಂನಲ್ಲಿ ಫೀಲ್ ಎಲ್ಲಿಂದ ಬರಬೇಕು?

ಪ್ರಶ್ನೆ: ಹಾಡುವವರಿಲ್ಲದೆ ಬರೀ ವಾದ್ಯಗಳಲ್ಲೇ ಮೆಟಲ್ (ಅಬ್ಬರದ ರಾಕ್) ನುಡಿಸುವ ಅಮೆರಿಕದ ಅನಿಮಲ್ಸ್ ಆಸ್ ಲೀಡರ್ಸ್ ಬ್ಯಾಂಡಿನ ಮೊದಲ ಆಲ್ಬಂ ಬಗ್ಗೆ ನನ್ನ ಗೆಳೆಯರಲ್ಲಿ ಅರ್ಧ ಜನ "ಇಂಥ ಗಿಟಾರ್ ಆಲ್ಬಂ ಇನ್ನೊಂದಿಲ್ಲ" ಅನ್ನುತ್ತಾರೆ. ಉಳಿದವರು "ಬರೀ ಬೆರಳಿನ ಸರ್ಕಸ್, ಫೀಲ್ ಇಲ್ಲ" ಅನ್ನುತ್ತಾರೆ. ನಾನೂ ಕೇಳಿದೆ, ಏನೂ ತಲೆಗೆ ಹತ್ತಲಿಲ್ಲ. ಯಾರ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಮೊದಲ ಗುಂಪು ಆಲ್ಬಂ ಬಗ್ಗೆ ಏನೂ ಹೇಳಿಲ್ಲ, ಬರೀ ಪಟ್ಟ ಕಟ್ಟಿದೆ. ಎರಡನೇ ಗುಂಪು ಹೇಳಿದ್ದು ಗಿಟಾರ್ ಹಿಡಿದವರೆಲ್ಲರ ಬಗ್ಗೆ ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದ ಮಾತು.

ಈ ಪ್ರಶ್ನೆ ನನಗೆ ಹೊಸದಲ್ಲ. ಬ್ಯಾಂಡಿನ ಹೆಸರು ಬದಲಾಗುತ್ತದೆ, "ಫೀಲ್ ಇಲ್ಲ" ಅನ್ನೋದು ಮಾತ್ರ ಹಾಗೇ ಇರುತ್ತದೆ. ನನ್ನ ಹತ್ತಿರ ಗಿಟಾರ್ ಕಲಿಯೋಕೆ ಬರುವ ಹುಡುಗರೂ ಕೇಳುತ್ತಾರೆ, ಅವರನ್ನು ಬಿಡೋಕೆ ಬಂದ ಅಪ್ಪಂದಿರೂ ಕೇಳುತ್ತಾರೆ. ಅಪ್ಪಂದಿರಲ್ಲಿ ಕೆಲವರು 2007ರಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡೋಕೆ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಧೂಳು ಕುಡಿದವರು. "ನಮ್ಮ ಕಾಲದ ಮೆಟಲ್‌ನಲ್ಲಿ ಕೂಗೋಕೆ ಒಂದು ಸಾಲಾದರೂ ಇತ್ತು" ಅನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಆಮೇಲೆ ಬರುತ್ತೇನೆ.

ಮೊದಲು ಆಲ್ಬಂ ವಿಷಯ, ಚುಟುಕಾಗಿ. ಬಂದದ್ದು 2009ರಲ್ಲಿ, ಪ್ರಾಸ್ಥೆಟಿಕ್ ರೆಕಾರ್ಡ್ಸ್‌ನಿಂದ. ಆಗ ಇದು ಬ್ಯಾಂಡೇ ಅಲ್ಲ, ಹೆಚ್ಚುಕಮ್ಮಿ ಒಬ್ಬನ ಕೆಲಸ. ಗಿಟಾರ್, ಬೇಸ್ ಎರಡೂ ಟೋಸಿನ್ ಅಬಾಸಿ. ಡ್ರಮ್ಸ್ ಬಾರಿಸಿದ್ದಲ್ಲ, ಪೆರಿಫೆರಿ ಬ್ಯಾಂಡಿನ ಮೀಶಾ ಮನ್ಸೂರ್ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಮಾಡಿದ್ದು. 12 ತುಣುಕುಗಳು, ಒಂದು ಗಂಟೆಯೊಳಗೆ ಮುಗಿಯುತ್ತದೆ. ಇನ್ನೊಂದು ಸಂಗತಿ ಹೇಳಲೇಬೇಕು. ಒಬ್ಬನೇ ಆಲ್ಬಂ ಮಾಡು ಅಂತ ಕಂಪನಿ ಕೇಳಿದಾಗ ಅಬಾಸಿ ಮೊದಲು ಒಪ್ಪಿರಲಿಲ್ಲ. ಅದು ಅಹಂಕಾರದ ಕೆಲಸ ಅನ್ನಿಸಿತ್ತಂತೆ. ಅಟ್ಲಾಂಟಾದ ಸಂಗೀತ ಶಾಲೆಯಲ್ಲಿ ಕೋರ್ಸ್ ಮುಗಿಸಿದ ಮೇಲೆ ಹ್ಞೂಂ ಅಂದ. "ಶೋ ಕೊಡೋಕೆ ಮಾಡಿದ ಆಲ್ಬಂ" ಅನ್ನುವವರು ಇದನ್ನು ಸ್ವಲ್ಪ ಗಮನಿಸಿದರೆ ಒಳ್ಳೆಯದು.

ಈಗ ಆ "ಫೀಲ್ ಇಲ್ಲ" ಅನ್ನೋದನ್ನು ಬಿಚ್ಚಿ ನೋಡೋಣ.

ಹೀಗನ್ನುವವರನ್ನು ನಾನು ಮೊದಲು ಕೇಳುವುದು ಒಂದೇ: ಆಲ್ಬಂ ಕೇಳಿದಿರಾ, ನೋಡಿದಿರಾ? ಹತ್ತರಲ್ಲಿ ಎಂಟು ಜನ ನೋಡಿರುತ್ತಾರೆ. ಯಾರೋ ಒಂದು ವಿಡಿಯೋ ಕಳಿಸಿರುತ್ತಾರೆ. ಕ್ಯಾಮೆರಾ ಎಡಗೈ ಬೆರಳಿನ ಮೇಲೇ ಇರುತ್ತದೆ. ಕಳಿಸಿದ ತುಣುಕೂ ಆಲ್ಬಂನಲ್ಲೇ ಹೆಚ್ಚು ಓಟ ಇರುವಂಥದ್ದು, ಸಾಮಾನ್ಯವಾಗಿ "ಕಾಫೊ". ಬೆರಳು ನೋಡುತ್ತಾ ಕೂತರೆ ಕಿವಿಗೆ ಬೀಳುವುದೂ ಬೆರಳೇ. ಅದರಲ್ಲಿ ಸ್ವರ ಎಲ್ಲಿ ಏರಿತು, ಎಲ್ಲಿ ಕೂತಿತು, ಮೊದಲು ಬಂದ ರಾಗದ ಎಳೆ ಮತ್ತೆ ಯಾವಾಗ ಬಂತು ಅನ್ನೋದು ದಾಟಿಹೋಗುತ್ತದೆ. ಫೋನ್ ಮಗುಚಿ ಇಟ್ಟು ಕೇಳಿ ಅಂದರೆ ನನ್ನ ಮುಖ ನೋಡುತ್ತಾರೆ.

ಫೋನ್ ಅಂದೆ ಅಲ್ವಾ, ಅಲ್ಲೇ ಇದೆ ಇನ್ನೊಂದು ತೊಂದರೆ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಾಮೂಲಿ ಆರು ತಂತಿಯ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಕಂಪನ. ಅಬಾಸಿ ಹಿಡಿಯುವುದು ಎಂಟು ತಂತಿಯ ಗಿಟಾರ್. ಅದರ ಮಾಮೂಲಿ ಶ್ರುತಿಯಲ್ಲಿ ಕೊನೆಯ ತಂತಿ ಸುಮಾರು 46 ಹರ್ಟ್ಸ್‌ಗೆ ಇಳಿಯುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ 41. ಅಂದರೆ ಈ ಗಿಟಾರ್ ಬೇಸ್‌ನ ಮನೆಯೊಳಗೇ ಕಾಲಿಟ್ಟಿದೆ. ನಿಮ್ಮ ಫೋನಿನ ಸ್ಪೀಕರ್ ಕಡಲೆಬೀಜದಷ್ಟಿದೆ, ಅದಕ್ಕೆ ಆ ಆಳದ ಸ್ವರ ಹೊರಡಿಸುವ ತಾಕತ್ತಿಲ್ಲ. ಮೇಲಿನ ಕಂಪನಗಳು ಮಾತ್ರ ಬರುತ್ತವೆ. ತಂತಿಯ ಮೇಲೆ ಪ್ಲೆಕ್ಟ್ರಮ್ (ಮೀಟುವ ಪುಟ್ಟ ಬಿಲ್ಲೆ) ತಾಗುವ ಟಕ್ ಬರುತ್ತದೆ. ಅಡಿಯಲ್ಲಿ ನಿಂತು ತೂಗುವ ಸ್ವರ ಬರುವುದಿಲ್ಲ. ಉಳಿದದ್ದು ಟಕಟಕ. ಅದನ್ನು ಕೇಳಿ "ಮಷಿನ್ ಥರ ಇದೆ ಸಾರ್" ಅಂದರೆ, ಹೌದು ಮಾರಾಯ, ನೀನು ಕೇಳಿದ್ದು ಮಷಿನ್ನನ್ನೇ. ಒಂದು ಸುಮಾರಾದ ಹೆಡ್‌ಫೋನ್ ಸಾಕು, ಲಕ್ಷದ ಸಿಸ್ಟಂ ಬೇಡ.

ಅಪ್ಪಂದಿರ ಮಾತಿಗೆ ಬರೋಣ. ಕೂಗೋಕೆ ಒಂದು ಸಾಲು ಇಲ್ಲ, ನಿಜ. ಸಾಹಿತ್ಯ ಇದ್ದಾಗ ಮೊದಲ ಸಲಕ್ಕೇ ಹಿಡಿದುಕೊಳ್ಳೋಕೆ ಏನೋ ಸಿಗುತ್ತದೆ. ಪಲ್ಲವಿ ತಿರುಗಿ ಬಂದರೆ ಕಿವಿಗೆ ಗೊತ್ತಾಗುತ್ತದೆ. ವೀಣೆ ಕಚೇರಿಯಲ್ಲೂ ಹಾಡುವವರಿಲ್ಲ, ಆದರೆ ಕೃತಿಯ ಸಾಹಿತ್ಯ ಎಷ್ಟೋ ಜನರಿಗೆ ಬಾಯಿಪಾಠ. ವೀಣೆ ನುಡಿಯುತ್ತಿದ್ದರೆ ಒಳಗೊಳಗೇ ಅವರು ಹಾಡುತ್ತಿರುತ್ತಾರೆ. ಇಲ್ಲಿ ಆ ಸೌಕರ್ಯ ಇಲ್ಲ. ಹಾಗಾಗಿ ಮೊದಲ ಸಲ ಕೇಳಿದಾಗ ಏನೂ ಉಳಿಯದೆ ಹೋದರೆ ಅದು ನಿಮ್ಮ ತಪ್ಪೂ ಅಲ್ಲ, ಆಲ್ಬಂ ತಪ್ಪೂ ಅಲ್ಲ. ಆದರೆ "ನನಗೆ ಹಿಡಿತ ಸಿಗಲಿಲ್ಲ" ಅನ್ನೋದು ಒಂದು ಮಾತು, "ಅದರಲ್ಲಿ ಭಾವವೇ ಇಲ್ಲ" ಅನ್ನೋದು ಪೂರ್ತಿ ಬೇರೆ ಮಾತು. ಮೊದಲನೆಯದು ನಿಮ್ಮ ಬಗ್ಗೆ ಹೇಳುತ್ತದೆ, ಎರಡನೆಯದು ಅಬಾಸಿ ಬಗ್ಗೆ. ಎರಡನ್ನೂ ಕಲಸಿ ಮೇಲೋಗರ ಮಾಡಬಾರದು.

ಇನ್ನು ವೇಗ ಜಾಸ್ತಿಯಾದರೆ ಭಾವ ಕಡಿಮೆ ಆಗುತ್ತದೆ ಅನ್ನುವ ನಂಬಿಕೆ. ಇದು ಎಲ್ಲಿಂದ ಬಂತೋ! ಗಾಯಕರ ಗಂಟಲಿನಲ್ಲಿ ವೇಗದ ಸ್ವರಗಳ ಬಿರ್ಕಾ ಉರುಳಿದಾಗ "ಭೇಷ್" ಅನ್ನುವವರೇ ಗಿಟಾರಿನಲ್ಲಿ ಅಷ್ಟೇ ವೇಗ ಬಂದರೆ ಮೂಗು ಮುರಿಯುತ್ತಾರೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಬೆಂಗಳೂರಿಗೆ ಬಂದಾಗ ಮಹಿಷಾಸುರನ ಪ್ರವೇಶ ನೋಡಿರುತ್ತೀರಿ. ಪಂಜು ಹಿಡಿದು ಸಭೆಯ ನಡುವಿನಿಂದ ಅವನು ಬರುತ್ತಿರುವಾಗ ಚೆಂಡೆ ಹುಚ್ಚೆದ್ದು ಹೊಡೆದುಕೊಳ್ಳುತ್ತದೆ. ಆಗ ಪಕ್ಕದವರ ಕಿವಿಯಲ್ಲಿ "ಚೆಂಡೆಯಲ್ಲಿ ಫೀಲ್ ಇಲ್ಲ ಕಣ್ರೀ" ಅಂತ ಯಾರಾದರೂ ಅಂದಿದ್ದಾರಾ? ಮೈ ಜುಮ್ ಅನ್ನುತ್ತದೆ, ಅಷ್ಟೇ. ಅಳು ಬಂದರೆ ಮಾತ್ರ ಭಾವ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ರೌದ್ರವೂ ರಸ, ಅದ್ಭುತವೂ ರಸ. ಈ ಆಲ್ಬಂನಲ್ಲಿ ಜಾಸ್ತಿ ಇರುವುದು ಅವೆರಡೇ. ಕರುಣೆ ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ವಾಪಸ್ ಬಂದರೆ ಆಶ್ಚರ್ಯ ಏನಿದೆ.

ಅದೂ ಪೂರ್ತಿ ನಿಜ ಅಲ್ಲ. "ಮಾಡರ್ನ್ ಮೀಟ್" ಅಂತ ಒಂದು ಪುಟ್ಟ ತುಣುಕಿದೆ, ಗದ್ದಲವೇ ಇಲ್ಲದ್ದು. "ಆನ್ ಇಂಪಲ್ಸ್" ಕೂಡ ಕೇಳಿ. "ಕಾಫೊ"ದಿಂದ ಶುರು ಮಾಡುವ ಬದಲು ಈ ಎರಡರಿಂದ ಶುರು ಮಾಡಿ. ನನ್ನ ಹುಡುಗರಿಗೆ ಇದೇ ದಾರಿ ಹೇಳುವುದು. "ಫೀಲ್ ಇಲ್ಲ" ಅಂತ ಬಂದವರು ಆಮೇಲೆ ಸುಮ್ನೆ ಕೂತು ಆಲ್ಬಂ ಪೂರ್ತಿ ಕೇಳಿದ್ದಾರೆ. ಇಷ್ಟಪಟ್ಟರೋ ಇಲ್ಲವೋ ಬೇರೆ ವಿಷಯ, ಆದರೆ ಆ ಮಾತು ಮತ್ತೆ ಆಡಿಲ್ಲ.

ಹಾಗಂತ ಆಲ್ಬಂ ಬಗ್ಗೆ ಬೈಯೋಕೆ ಏನೂ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ನನ್ನ ಸಿಟ್ಟು ಏನಂದರೆ, ಈ ಒಂದು ಸೋಮಾರಿ ಮಾತು ಒಳ್ಳೆಯ ಟೀಕೆಗಳನ್ನೆಲ್ಲ ಮುಚ್ಚಿಹಾಕುತ್ತದೆ. ಡ್ರಮ್ಸ್ ಕೇಳಿ: ಪ್ರೋಗ್ರಾಂ ಮಾಡಿದ್ದು ಅಂತ ಗೊತ್ತಾಗುತ್ತದೆ. ಪ್ರತಿ ಏಟಿನಲ್ಲೂ ಒಂದೇ ತೂಕ, ಕೈ ಸೋತು ಹಗುರಾಗುವ ಜಾಗವೇ ಇಲ್ಲ. ಮ್ಯಾಟ್ ಗಾರ್ಸ್ಟ್ಕಾ ಡ್ರಮ್ಸ್ ಬಾರಿಸಿದ, ಇದೇ ಬ್ಯಾಂಡಿನ 2014ರ ಆಲ್ಬಂ "ದ ಜಾಯ್ ಆಫ್ ಮೋಷನ್" ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಅಲ್ಲಿ ಡ್ರಮ್ಸ್ ಉಸಿರಾಡುತ್ತದೆ. ಇನ್ನೊಂದು ದೂರು, ಕೆಲವು ತುಣುಕುಗಳಲ್ಲಿ ಭಾಗಗಳನ್ನು ಒಂದರ ಪಕ್ಕ ಒಂದು ಅಂಟಿಸಿದ ಹಾಗಿದೆ, ಒಂದರೊಳಗಿಂದ ಇನ್ನೊಂದು ಹುಟ್ಟಿದ ಹಾಗಿಲ್ಲ ಅನ್ನೋದು. ಇದನ್ನು ನಾನೂ ಒಪ್ಪುತ್ತೇನೆ. ಆಲ್ಬಂನ ನಡುವಿನ ಭಾಗದಲ್ಲಿ ಯಾವುದು ಎಲ್ಲಿ ಮುಗಿಯಿತು ಅಂತ ನನಗೆ ಈಗಲೂ ಸರಿಯಾಗಿ ನೆನಪಿರುವುದಿಲ್ಲ. ನಿಮ್ಮ ಗೆಳೆಯರು ಇಂಥ ಮಾತು ಹೇಳಿದರೆ ಕಿವಿಗೊಡಿ. ಹೊಗಳುವವರಿಗೂ ಇದೇ ನಿಯಮ. "ದೇವರು ಗುರೂ" ಅಂದರೆ ಬಿಟ್ಟುಬಿಡಿ. "ಹೆಬ್ಬೆರಳಿನಿಂದ ಬೇಸ್ ಬಾರಿಸುವ ಹಾಗೆ ಗಿಟಾರ್ ಬಾರಿಸುತ್ತಾನೆ, ಅದರಿಂದ ಮತ್ತೆ ಮತ್ತೆ ಬರುವ ಗಿಟಾರ್ ಸಾಲಿಗೆ, ಅಂದರೆ ರಿಫ್‌ಗೆ ತಾಳವಾದ್ಯದ ಗುಣ ಬಂದಿದೆ" ಅಂದರೆ ಕೂರಿಸಿ ಕಾಫಿ ಕೊಡಿ.

ನೀವು ಕೇಳಿಲ್ಲ, ಆದರೆ ಈ ಮಾತು ಎತ್ತಿದ ಮೇಲೆ ಬೆಂಗಳೂರಿನಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಈ ತಾಳದ ಲೆಕ್ಕ ಎಲ್ಲಾ ನಮ್ಮ ಕರ್ನಾಟಕ ಸಂಗೀತದ್ದೇ ಅಲ್ವಾ?" ಹೋಲಿಕೆ ಇದೆ. ಮೂಲ ಒಂದೇ ಅನ್ನೋಕೆ ಅದು ಸಾಲದು.

ಹೋಲಿಕೆ ಎಲ್ಲಿದೆ ಅಂತ ಕೈಯಲ್ಲೇ ನೋಡಬಹುದು. ತಕಿಟ ನಾಲ್ಕು ಸಲ ಹೇಳಿ, ಕೊನೆಗೆ ತಕಧಿಮಿ ಒಂದು ಸಲ. ಮೂರು ನಾಲ್ಕಲ ಹನ್ನೆರಡು, ಮೇಲೆ ನಾಲ್ಕು, ಒಟ್ಟು 16. ಈಗ ಬಾಯಿ ಇದನ್ನು ಹೇಳುತ್ತಿರಲಿ, ಕೈ ಮಾತ್ರ ನಾಲ್ಕು ಅಕ್ಷರಕ್ಕೊಂದರಂತೆ ತಟ್ಟಲಿ. ಮೊದಲ ತಟ್ಟು "ತ" ಮೇಲೆ ಬೀಳುತ್ತದೆ. ಎರಡನೆಯದು "ಕಿ" ಮೇಲೆ, ಮೂರನೆಯದು "ಟ" ಮೇಲೆ. ಕಾಲು ಜಾರಿತು ಅನ್ನುವಷ್ಟರಲ್ಲಿ ನಾಲ್ಕನೆಯದು ತಕಧಿಮಿಯ "ತ" ಮೇಲೆ ಸರಿಯಾಗಿ ಬಂದು ಕೂರುತ್ತದೆ. ಈ ಬಗೆಯ ಮೆಟಲ್‌ನಲ್ಲಿ ಗಿಟಾರ್ ಮತ್ತು ಕಾಲಿನ ಡ್ರಮ್ ಬಾಯಿಯ ಕೆಲಸ ಮಾಡುತ್ತವೆ, ಸ್ನೇರ್ (ಚಟ್ ಅನ್ನುವ ಡ್ರಮ್) ಮತ್ತು ಸಿಂಬಲ್ (ಲೋಹದ ತಟ್ಟೆ) ಕೈಯ ಕೆಲಸ. ತಲೆಯಾಡಿಸುವಾಗ ಗಿಟಾರಿನ ಹಿಂದೆ ಹೋಗಬೇಡಿ, ಸ್ನೇರ್ ಹಿಡಿದುಕೊಳ್ಳಿ. ಹೀಗೆ ಕೇಳಿದರೆ "ಲೆಕ್ಕ ಬರಲ್ಲ" ಅನ್ನುವವರೂ ದಾರಿ ತಪ್ಪುವುದಿಲ್ಲ.

ಇನ್ನು ಕೆಲವರು ಈ ಲೆಕ್ಕ ನಮ್ಮಿಂದ ಕದ್ದದ್ದು ಅಂತಲೇ ಅನ್ನುತ್ತಾರೆ. ಅಬಾಸಿ ಬಂದ ದಾರಿಯಲ್ಲಿ ಸ್ವೀಡನ್ನಿನ ಮೆಟಲ್ ಬ್ಯಾಂಡ್ ಮೆಶುಗಾ ಇದೆ, ಜಾಝ್ ಗಿಟಾರಿನ ಅಲನ್ ಹೋಲ್ಡ್ಸ್‌ವರ್ತ್ ಇದ್ದಾರೆ. ಮೂರನ್ನು ನಾಲ್ಕರ ಮೇಲೆ ಕೂರಿಸೋಕೆ ಬೆಂಗಳೂರಿನ ಚಾಮರಾಜಪೇಟೆಯ ಕಚೇರಿಗೆ ಬರಬೇಕಾಗಿಲ್ಲ. ಆಫ್ರಿಕಾದ ಡೋಲುಗಳಲ್ಲೂ ಅದು ಇದೆ. ನಮ್ಮವರು ನಿಜವಾಗಿಯೂ ಕೈಜೋಡಿಸಿದ ಕೆಲಸ ಬೇಕಿದ್ದರೆ ಅದೂ ಇದೆ, ಅದರ ಬಗ್ಗೆ ಮಾತ್ರ ಯಾರೂ ಜಂಬ ಕೊಚ್ಚುವುದಿಲ್ಲ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅವರ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ "ಜ್ಯೋತಿ" ಅನ್ನುವ ಆಲ್ಬಂ ಮಾಡಿತು. 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿ ಅದನ್ನು ಹೊರತಂದಿತು. ಆರ್.ಎ. ರಮಾಮಣಿ ಹಾಡಿದ್ದಾರೆ. ಕೊನ್ನಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಮತ್ತು ಹೊರಗಿನ ಸಂಗೀತ ಹೇಗೆ ಜೊತೆ ಕೂತವು ಅಂತ ತಿಳಿಯೋಕೆ ಅದನ್ನು ಕೇಳಿ. ಈಗಿನವರಲ್ಲಿ ನಮ್ಮ ಊರಿನ ಬ್ಯಾಂಡ್ ಅಗಂ ಇದೆ, ಪ್ರಾಜೆಕ್ಟ್ ಮಿಶ್ರಂ ಇದೆ. ಇವರು ಕರ್ನಾಟಕ ಸಂಗೀತ ಗೊತ್ತಿದ್ದೇ, ಬೇಕೆಂದೇ ರಾಕ್ ಮತ್ತು ಮೆಟಲ್ ಜೊತೆ ಬೆರೆಸುತ್ತಾರೆ.

ತಮಾಷೆ ಏನು ಗೊತ್ತಾ? "ಲೆಕ್ಕ ನಮ್ಮದು" ಅಂತ ಎದೆ ತಟ್ಟಿಕೊಳ್ಳುವ ಎಷ್ಟೋ ಜನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ತನಿ ಆವರ್ತನ (ಮೃದಂಗದಂಥ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಶುರುವಾದ ಕೂಡಲೇ ಎದ್ದು ಕಾಫಿಗೆ ಹೊರಡುತ್ತಾರೆ. ಕಾರಣ ಕೇಳಿದರೆ ಅದೇ ಮಾತು, "ಬರೀ ಲೆಕ್ಕ, ಅದರಲ್ಲಿ ಭಾವ ಏನಿದೆ." ಆಮೇಲೆ ಗಿಟಾರಿನ ಹುಡುಗರ ಮೇಲೆ ಹರಿಹಾಯುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಮೃದಂಗ ಕಲಿತ ಹುಡುಗರು ಈ ಆಲ್ಬಂ ಬೇಗ ಹಿಡಿಯುತ್ತಾರೆ. ಅವರಿಗೆ ಅಡ್ಡ ಬರುವುದು ತಾಳ ಅಲ್ಲ, ಡಿಸ್ಟಾರ್ಷನ್, ಅಂದರೆ ಗಿಟಾರಿನ ಆ ಒರಟು ಗರಗರ ದನಿ. ಮೆಟಲ್ ಕೇಳಿ ಬೆಳೆದ ಹುಡುಗರಿಗೆ ಡಿಸ್ಟಾರ್ಷನ್ ನೀರು ಕುಡಿದಷ್ಟು ಸಲೀಸು, ಕೈಯಲ್ಲಿ ತಾಳ ಮಾತ್ರ ನಿಲ್ಲುವುದಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ತಕಿಟ ಹೇಳಿಸಿದರೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನನಗೆ ಕೆಲಸವೇ ಇರುವುದಿಲ್ಲ.