ಮನೇಲಿ ಸಖತ್ತಾಗಿರೋ ಗಿಟಾರ್ ಸೌಂಡ್ ಸ್ಟೇಜ್ ಮೇಲೆ ಎಲ್ಲಿ ಹೋಗುತ್ತೆ?

ಪ್ರಶ್ನೆ: ಸರ್, ನಾನು ಆರ್ಕೆಸ್ಟ್ರಾ ಟೀಮಲ್ಲಿ ಗಿಟಾರ್ ನುಡಿಸ್ತೀನಿ. ಗಣೇಶನ ಪ್ರೋಗ್ರಾಂ, ರಾಜ್ಯೋತ್ಸವ, ರಿಸೆಪ್ಷನ್ ಎಲ್ಲಾ ಮಾಡ್ತೀವಿ. ಮನೇಲಿ ಪ್ರೊಸೆಸರಲ್ಲಿ (ಗಿಟಾರ್ ಸೌಂಡ್ ಬದಲಿಸೋ ಎಫೆಕ್ಟ್ಸ್ ಬಾಕ್ಸು) ಟೋನ್ ಸೆಟ್ ಮಾಡ್ಕೊಂಡು ಹೋದ್ರೆ ಸೂಪರಾಗಿರುತ್ತೆ, ಸ್ಟೇಜಲ್ಲಿ ಕೀಬೋರ್ಡು, ಪ್ಯಾಡು (ಎಲೆಕ್ಟ್ರಾನಿಕ್ ಡ್ರಮ್ಮು) ಶುರುವಾದ್ರೆ ನನ್ನ ಗಿಟಾರ್ ಕೇಳ್ಸೋದೇ ಇಲ್ಲ. ವಿಡಿಯೋ ನೋಡಿದ್ರೆ ಸುಮ್ನೆ ಕೈ ಆಡಿಸ್ತಿರೋ ಥರ ಇರುತ್ತೆ. ಹೊಸ ಗಿಟಾರ್ ತಗೋಬೇಕಾ?

ಉತ್ತರ: ಬೇಡ, ದುಡ್ಡು ಇಟ್ಕೊಳ್ಳಿ. ಪ್ರೋಗ್ರಾಂಗೆ ಹೋಗೋ ಗಿಟಾರಿಸ್ಟ್‌ಗಳಲ್ಲಿ ಇದನ್ನ ಕೇಳದೇ ಇರೋರೇ ಕಮ್ಮಿ, ಮತ್ತೆ ಹೆಚ್ಚಿನ ಸಲ ತೊಂದ್ರೆ ಗಿಟಾರಲ್ಲಿ ಇರಲ್ಲ, ಮನೇಲಿ ಸೆಟ್ ಮಾಡ್ಕೊಂಡ ಆ ಟೋನಲ್ಲೇ ಇರುತ್ತೆ.

ಮನೇಲಿ ನಾವು ಸಣ್ಣ ವಾಲ್ಯೂಮಲ್ಲಿ, ಒಬ್ರೇ ಕೂತ್ಕೊಂಡು ಸೆಟ್ ಮಾಡ್ತೀವಿ. ಸೌಂಡ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬಾಸು ಮತ್ತೆ ತುಂಬಾ ಮೇಲಿನ ಟ್ರೆಬಲ್ಲು ಸರಿಯಾಗಿ ಕೇಳಲ್ಲ, ಮಧ್ಯದ್ದು ಮಾತ್ರ ಚೆನ್ನಾಗಿ ಕೇಳುತ್ತೆ. ಇದನ್ನ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಂಗಾಗಿ ನಾವೇನ್ ಮಾಡ್ತೀವಿ, ಬಾಸ್ ಏರಿಸ್ತೀವಿ, ಟ್ರೆಬಲ್ ಏರಿಸ್ತೀವಿ, ಮಿಡ್ ಇಳಿಸ್ತೀವಿ, ರಿವರ್ಬ್ ಸುರೀತೀವಿ, ಆಗ ಒಬ್ರೇ ನುಡಿಸಿದ್ರೂ ರೂಮೆಲ್ಲಾ ತುಂಬ್ಕೊಂಡಂಗಿರುತ್ತೆ. ಸ್ಟೇಜ್ ವಾಲ್ಯೂಮಲ್ಲಿ ಅದೇ ಸೆಟ್ಟಿಂಗ್ ಉಲ್ಟಾ ಹೊಡಿಯುತ್ತೆ. ಗಿಟಾರ್‌ನ ದಪ್ಪ ಸ್ಟ್ರಿಂಗ್ ಸುಮಾರು 82 ಹರ್ಟ್ಸ್, ಬಾಸ್ ಗಿಟಾರಿಂದು ಅದರ ಅರ್ಧ, 41. ಅಲ್ಲಿಂದ ಒಂದಿನ್ನೂರು ಹರ್ಟ್ಸ್ ತನಕ ಪ್ಯಾಡಿನ ಕಿಕ್ಕು, ಬಾಸು, ಕೀಬೋರ್ಡ್‌ನೋರ ಎಡಗೈ ಎಲ್ಲಾ ಆಗ್ಲೇ ಕೂತಿರುತ್ತೆ. ಮೇಲ್ಗಡೆ ಸಿಂಬಲ್ಲು, ಶೇಕರ್ರು. ಗಿಟಾರ್ ಸ್ಪೀಕರ್ ಅಂತೂ 5000 ಹರ್ಟ್ಸ್ ದಾಟಿದ್ಮೇಲೆ ಬೇಗ ಇಳಿದುಹೋಗುತ್ತೆ. ನಿಮಗೇಂತ ಉಳಿದಿದ್ದೇ ಮಧ್ಯದ ಜಾಗ, ಅದನ್ನೇ ನೀವು ಮನೇಲಿ ಕೈಯಾರೆ ಕಿತ್ತು ಹಾಕಿ ಬಂದಿದ್ದೀರ.

ಅದಕ್ಕೆ ಮೊದಲು ಪ್ರೊಸೆಸರಲ್ಲಿ ಲೋ ಕಟ್ ಅಂತ ಇರುತ್ತೆ ನೋಡಿ, ತೀರಾ ಕೆಳಗಿನ ಬಾಸ್ ಕತ್ತರಿಸೋದು, ಅದನ್ನ 100 ಹರ್ಟ್ಸ್ ಹತ್ರ ಇಡಿ. ಮಿಡ್ ಏರಿಸಿ, 800ರಿಂದ 1200 ಹರ್ಟ್ಸ್ ಮಧ್ಯ ಎಲ್ಲಾದ್ರೂ ಹುಡುಕಿ. ಐಬನೇಜ್ ಟ್ಯೂಬ್ ಸ್ಕ್ರೀಮರ್ ಪೆಡಲ್ಲು ಇಷ್ಟು ವರ್ಷ ಓಡ್ತಿರೋದಕ್ಕೂ ಒಂದು ಮುಖ್ಯ ಕಾರಣ ಇದೇ, ಅದು ಬಾಸ್ ಕಮ್ಮಿ ಮಾಡಿ ಸುಮಾರು 700 ಹರ್ಟ್ಸ್ ಸುತ್ತ ಉಬ್ಬಿಸುತ್ತೆ, ಬ್ಯಾಂಡ್ ಮಧ್ಯೆ ಎದ್ದು ಕೇಳುತ್ತೆ. ಆಮೇಲೆ ಗೇನ್, ಅಂದ್ರೆ ಡಿಸ್ಟಾರ್ಷನ್ (ಸೌಂಡ್ ಒಡೆದು ಗರಗರ ಅನ್ನೋದು) ಎಷ್ಟು ಬೇಕು ಅನ್ನೋ ನಾಬ್, ಅರ್ಧಕ್ಕೆ ಇಳಿಸಿ. ಡಿಸ್ಟಾರ್ಷನ್ ಜಾಸ್ತಿ ಆದಷ್ಟೂ ಪಿಕ್ ಹೊಡೆತದ ಮೊನೆ ಚಪ್ಪಟೆ ಆಗುತ್ತೆ, ಗದ್ದಲದಲ್ಲಿ ಕಿವಿ ಹಿಡಿಯೋದೇ ಆ ಮೊನೇನ. ಇಷ್ಟು ಮಾಡಿ ಒಬ್ರೇ ನುಡಿಸಿ ನೋಡಿದ್ರೆ ಟೋನು ತೆಳ್ಳಗೆ, ಸ್ವಲ್ಪ ಕೆಟ್ಟದಾಗೇ ಕೇಳುತ್ತೆ, ದಯವಿಟ್ಟು ಹೆದರಿ ವಾಪಸ್ ತಿರುಗಿಸಬೇಡಿ, ಟೀಮ್ ಜೊತೆ ಸೇರಿದಾಗ ಅದು ಸರಿ ಹೋಗುತ್ತೆ.

"ಸುಮ್ನೆ ವಾಲ್ಯೂಮ್ ಏರಿಸಿದ್ರೆ ಆಗಲ್ವಾ" ಅಂದ್ರೆ, ಆಗಲ್ಲ. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಂದ್ರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದ್ರೆ ಪವರ್ 10 ಪಟ್ಟು. ನೀವು ಏರಿಸಿದ ಕೂಡ್ಲೆ ಕೀಬೋರ್ಡ್‌ನೋರು ಏರಿಸ್ತಾರೆ, ಹಾಡೋರು ಮಾನಿಟರ್ ಏರಿಸಿ ಅಂತಾರೆ, ಮೈಕ್ ಕೂಗೋಕೆ ಶುರುವಾಗುತ್ತೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್ ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು, 100 ಆದ್ರೆ ಬರೀ 15 ನಿಮಿಷ. ಪ್ರೋಗ್ರಾಂ ನಡಿಯೋದು ಮೂರು ಗಂಟೆ. ಕಿವಿ ಒಂದ್ಸಲ ಹೋದ್ರೆ ವಾಪಸ್ ಬರಲ್ಲ, ಇಯರ್ ಪ್ಲಗ್ ಹಾಕ್ಕೊಳ್ಳೋದಕ್ಕೆ ನಾಚ್ಕೋಬೇಡಿ. ಆಂಪ್ ಇಟ್ಕೊಂಡಿದ್ರೆ ಅದನ್ನ ನೆಲದ ಮೇಲೆ ಇಡಬೇಡಿ, ಅದರ ಟ್ರೆಬಲ್ ಸೌಂಡೆಲ್ಲಾ ನೆಟ್ಟಗೆ ಹೋಗಿ ನಿಮ್ಮ ಮೊಣಕಾಲಿಗೆ ಹೊಡಿತಿರುತ್ತೆ, ಕಿವಿಗಲ್ಲ. ಕುರ್ಚಿ ಮೇಲಿಡಿ, ಇಲ್ಲ ಹಿಂದಕ್ಕೆ ವಾಲಿಸಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಾಬ್ ತಿರುಗಿಸೋದ್ರಲ್ಲಿ ಅರ್ಧ ಮಾತ್ರ ಸರಿಹೋಗೋದು, ಉಳಿದರ್ಧ ಏನ್ ನುಡಿಸ್ತೀರ ಅನ್ನೋದ್ರಲ್ಲಿದೆ. ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್‌ನೋರೇ ಅರ್ಧ ಟೀಮು. ವಯಲಿನ್ ಸೆಕ್ಷನ್ನು, ಫ್ಲೂಟು, ಎಷ್ಟೋ ಸಲ ಬಾಸೂ ಅವರ ಕೈಯಲ್ಲೇ. ಅವರು ಎಡಗೈಲಿ ಕಾರ್ಡ್ ಹಿಡಿದಿರುವಾಗ ನೀವೂ ಆರು ಸ್ಟ್ರಿಂಗ್ ಸೇರಿಸಿ ಬಾರೆ ಕಾರ್ಡ್ ಹೊಡೆದ್ರೆ ಇಬ್ರೂ ಒಂದೇ ಜಾಗದಲ್ಲಿ ಗುದ್ದಾಡ್ತೀರ. ಬದಲಿಗೆ ಕೆಳಗಿನ ಮೂರು ತೆಳು ಸ್ಟ್ರಿಂಗಲ್ಲಿ ಮಾತ್ರ ಹಿಡೀರಿ. ಡಿ ಮೇಜರ್ ಬೇಕಾ, ಜಿ ಸ್ಟ್ರಿಂಗ್ 7ನೇ ಫ್ರೆಟ್, ಬಿ 7, ತೆಳು ಇ 5. ಅಲ್ಲಿಂದ ಜಿ ಮೇಜರ್‌ಗೆ ಜಿ ಸ್ಟ್ರಿಂಗ್ 7ರಲ್ಲೇ ಇರಲಿ, ಬಿ 8, ಇ 7. ಎ ಮೇಜರ್‌ಗೆ 6, 5, 5. ಕೈ ಎಲ್ಲೂ ಓಡಾಡಲ್ಲ, ಎಷ್ಟೋ ಹಾಡು ಇದರಲ್ಲೇ ಮುಗಿಯುತ್ತೆ, ಮತ್ತೆ ಡಿ ಮೇಜರಲ್ಲಿ ನಿಮ್ಮ ಅತಿ ಕೆಳಗಿನ ಸ್ವರವೇ ಸುಮಾರು 294 ಹರ್ಟ್ಸ್, ಅಂದ್ರೆ ಕಿಕ್ಕು ಬಾಸಿನ ತಂಟೆಗೇ ಹೋಗಲ್ಲ.

ರಿಹರ್ಸಲಲ್ಲಿ ಕೀಬೋರ್ಡ್‌ನೋರ ಹತ್ರ ಕೂತು ಮಾತಾಡಿ. "ಅಣ್ಣ, ಈ ಹಾಡಲ್ಲಿ ಪಲ್ಲವಿಗೆ ರಿದಮ್ ನಾನ್ ಹಿಡ್ಕೋತೀನಿ, ನೀವು ಎಡಗೈ ಸ್ವಲ್ಪ ಬಿಡ್ತೀರಾ, ಚರಣದಲ್ಲಿ ನೀವು ಸ್ಟ್ರಿಂಗ್ಸ್ ತಗೊಳ್ಳಿ ನಾನು ಸುಮ್ನಿರ್ತೀನಿ" ಅಂದ್ರೆ ಬೇಡ ಅನ್ನೋರು ಕಮ್ಮಿ, ಅವರಿಗೂ ಕೆಲಸ ಹಗುರಾಗುತ್ತೆ. ಸುಮ್ನಿರೋದು ಅಂದ್ರೆ ನಿಜವಾಗ್ಲೂ ಸುಮ್ನಿರಿ. ಹಾಡೋರ ಗಂಟಲೂ ಅದೇ ಮಧ್ಯದ ಜಾಗದಲ್ಲೇ ಇರೋದು, ನೀವು ಮಿಡ್ ಏರಿಸ್ಕೊಂಡಿದ್ದೀರ ಬೇರೆ, ಸಾಲಿನ ಮಧ್ಯೆ ತುಂಬ್ಸೋಕೆ ಹೋದ್ರೆ ಜನಕ್ಕೆ ಸಾಹಿತ್ಯ ಕೇಳಲ್ಲ. ಸಾಲು ಮುಗಿದ ಗ್ಯಾಪಲ್ಲಿ ಎರಡು ಸ್ವರ ಇಟ್ರೂ ಸಾಕು, ಎಲ್ಲರಿಗೂ ಕೇಳುತ್ತೆ.

ಬಿಜಿಎಂನಲ್ಲಿ (ಹಾಡಿನ ಮಧ್ಯದ ಮ್ಯೂಸಿಕ್) ಲೀಡ್ ಬಂದಾಗ ಬೂಸ್ಟ್ (ಸಿಗ್ನಲ್ ಏರಿಸೋ ಎಫೆಕ್ಟ್) ಒತ್ತಿದ್ರೂ ಜೋರಾಗ್ತಿಲ್ಲ ಅಂತ ತುಂಬಾ ಜನ ಹೇಳ್ತಾರೆ. ಬೂಸ್ಟ್‌ನ ಡಿಸ್ಟಾರ್ಷನ್‌ಗಿಂತ ಮುಂಚೆ ಇಟ್ರೆ ಗೇನ್ ಮಾತ್ರ ಜಾಸ್ತಿ ಆಗುತ್ತೆ, ವಾಲ್ಯೂಮ್ ಹೆಚ್ಚೇನೂ ಏರಲ್ಲ. ಪ್ರೊಸೆಸರ್ ಚೈನಲ್ಲಿ ಅದನ್ನ ಡಿಸ್ಟಾರ್ಷನ್ ಆದ್ಮೇಲೆ ಹಾಕಿ, 4 ಡೆಸಿಬೆಲ್ ಏರಿಸಿ ಸಾಕು.

ಪ್ರೊಸೆಸರಿಂದ ನೇರ ಮಿಕ್ಸರ್‌ಗೆ ಕೊಡ್ತಿದ್ರೆ ಕ್ಯಾಬ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಥರ ಕೇಳೋ ಹಾಗೆ ಮಾಡೋ ಸೆಟ್ಟಿಂಗ್) ಆನ್ ಇರಲೇಬೇಕು, ಇಲ್ಲಾಂದ್ರೆ ಡಿಸ್ಟಾರ್ಷನ್ನು ಬರೀ ಚರಚರ ಅನ್ನುತ್ತೆ. ಆಂಪ್‌ನ ಮುಂದಿನ ಇನ್‌ಪುಟ್‌ಗೆ ಹಾಕಿದ್ರೆ ಅದನ್ನ ಆಫ್ ಮಾಡಿ. ಒಂದೇ ವೈರ್ ಕೊಡ್ತಿದ್ರೆ ಲೆಫ್ಟ್ ಮೋನೋ ಅಂತ ಬರೆದಿರೋ ಔಟ್‌ನಿಂದಾನೇ ಕೊಡಿ.

ಇನ್ನು ಸೌಂಡ್ ಚೆಕ್ಕಲ್ಲಿ ನಿಮಗೆ ಸಿಗೋದು ಎರಡು ನಿಮಿಷ, ಅಷ್ಟರಲ್ಲಿ ಸ್ಪೀಡಾಗಿ ಲಿಕ್ ಹೊಡೆದು ತೋರಿಸೋಕೆ ಹೋಗಬೇಡಿ. ಮೊದಲು ಕ್ಲೀನ್ ರಿದಮ್, ಆಮೇಲೆ ಡಿಸ್ಟಾರ್ಷನ್ ರಿದಮ್, ಕೊನೇಲಿ ಬೂಸ್ಟ್ ಹಾಕಿದ ಲೀಡು, ಪ್ರೋಗ್ರಾಂನಲ್ಲಿ ಎಷ್ಟು ಜೋರಾಗಿ ನುಡಿಸ್ತೀರೋ ಅಷ್ಟೇ ಜೋರಾಗಿ ನುಡಿಸಿ. ಮಿಕ್ಸರ್ ಹತ್ರ ಕೂತಿರೋ ಅಣ್ಣಂಗೆ "ಲೀಡಲ್ಲಿ ನಾನೇ ಏರಿಸ್ಕೋತೀನಿ ಅಣ್ಣ, ಫೇಡರ್ ಇಳಿಸಬೇಡಿ" (ಫೇಡರ್ ಅಂದ್ರೆ ಮಿಕ್ಸರಲ್ಲಿ ವಾಲ್ಯೂಮ್ ಜಾರಿಸೋದು) ಅಂತ ಮೊದಲೇ ಹೇಳಿಡಿ, ಇಲ್ಲಾಂದ್ರೆ ಇದ್ದಕ್ಕಿದ್ದಂಗೆ ಜೋರಾಯ್ತಲ್ಲ ಅಂತ ಸರಿಯಾಗಿ ಲೀಡ್ ಟೈಮಲ್ಲೇ ಅವರು ಇಳಿಸಿಬಿಡ್ತಾರೆ.